ಕುಷ್ಠದ ಲೆಕ್ಕದಲ್ಲಿ ಕೊರೋನಾ ನುಂಗಿದ ಎರಡು ವರ್ಷ

ಮಾನ್ಯ ಸಂಪಾದಕರಿಗೆ,

ಹೋದ ವಾರ ನಿಮ್ಮ ಜಿಲ್ಲಾ ಪುಟದಲ್ಲಿ ಕುಷ್ಠರೋಗ ಮತ್ತೆ ಏರಿಕೆಯಾಗಿದೆ, ಜನರಲ್ಲಿ ಆತಂಕ ಅಂತ ಒಂದು ಸುದ್ದಿ ಬಂದಿತ್ತು. ಓದಿ ನನಗೆ ಆತಂಕ ಆಗಲಿಲ್ಲ, ಸ್ವಲ್ಪ ಸಮಾಧಾನವೇ ಆಯಿತು. ಈ ಮುದುಕನಿಗೆ ತಲೆ ಕೆಟ್ಟಿದೆ ಅಂದುಕೊಳ್ಳಬೇಡಿ. ಕುಷ್ಠದಲ್ಲಿ ಸಂಖ್ಯೆ ಏರಿತು ಅಂದರೆ ಎಷ್ಟೋ ಸಲ ಅದರರ್ಥ ಇಷ್ಟೇ: ಯಾರೋ ಮತ್ತೆ ಮನೆ ಮನೆಗೆ ಹೋಗಿ ಮೈ ನೋಡುತ್ತಿದ್ದಾರೆ. ನನಗೆ ನಿಜವಾಗಿ ಹೆದರಿಕೆ ಹುಟ್ಟಿಸಿದ್ದು ಸಂಖ್ಯೆ ದಿಢೀರನೆ ಕುಸಿದ ವರ್ಷ. ಆಗ ಯಾರೂ ಸುದ್ದಿ ಮಾಡಲಿಲ್ಲ.

ನಾನು ರಾಯಚೂರು ಕಡೆಯವನು. ಆರೋಗ್ಯ ಸಹಾಯಕನಾಗಿ ದುಡಿದು ನಿವೃತ್ತನಾಗಿದ್ದೇನೆ. ಮಲೇರಿಯಾಕ್ಕೆ ರಕ್ತ ತೆಗೆದಿದ್ದೇನೆ, ಪೋಲಿಯೋ ಬೂತಿನಲ್ಲಿ ಕೂತಿದ್ದೇನೆ, ಆನೆಕಾಲು ಮಾತ್ರೆ ನುಂಗಿಸಿದ್ದೇನೆ, ಕುಷ್ಠದ ಸರ್ವೆಗೆ ಊರೂರು ಸುತ್ತಿದ್ದೇನೆ. ಕೊರೋನಾ ಬಂದಾಗ ಇನ್ನೂ ಕೆಲಸದಲ್ಲಿದ್ದೆ. ಹಾಗಾಗಿ ಕಂಡಿದ್ದನ್ನೇ ಬರೆಯುತ್ತಿದ್ದೇನೆ.

ಮೊದಲು ಅಂಕಿ ನೋಡಿ. ದೇಶದಲ್ಲಿ 2017-18ರಲ್ಲಿ ಹೊಸದಾಗಿ ಪತ್ತೆಯಾದ ಕುಷ್ಠರೋಗಿಗಳು 1,26,164. ಮುಂದಿನ ವರ್ಷ 1,20,334. ಅದರ ಮುಂದಿನ ವರ್ಷ, ಅಂದರೆ 2019-20ರಲ್ಲಿ 1,14,451. ವರ್ಷಕ್ಕೆ ನೂರಕ್ಕೆ ಐದರಂತೆ ನಿಧಾನವಾಗಿ ಇಳಿಯುತ್ತಾ ಬಂದಿತ್ತು. ಒಳ್ಳೆಯದೇ. ಆಮೇಲೆ 2020-21 ಬಂತು: 65,147. ಹೆಚ್ಚುಕಡಿಮೆ ಅರ್ಧ! ಸಾವಿರಾರು ವರ್ಷದಿಂದ ಮನುಷ್ಯರ ಬೆನ್ನು ಹತ್ತಿರುವ ರೋಗ, ಮೈಯೊಳಗೆ ಸೇರಿ ಹೊರಗೆ ಕಾಣಿಸಿಕೊಳ್ಳಲು ಸರಾಸರಿ ಐದು ವರ್ಷ ತೆಗೆದುಕೊಳ್ಳುವ ರೋಗ, ಕೆಲವರಲ್ಲಿ 20 ವರ್ಷವೂ ಸುಮ್ಮನಿರುವ ರೋಗ, ಒಂದೇ ವರ್ಷದಲ್ಲಿ ಅರ್ಧಕ್ಕೆ ಇಳಿಯುತ್ತದಾ? ಮಾಸ್ಕ್ ಹಾಕಿದ್ದಕ್ಕೆ ಕಮ್ಮಿ ಆಯ್ತು ಅಂತ ಒಬ್ಬರು ನನಗೇ ಹೇಳಿದರು. 2020ರಲ್ಲಿ ಮಚ್ಚೆ ಕಾಣಿಸಬೇಕಾದವರಿಗೆ ಸೋಂಕು ತಗುಲಿದ್ದು 2015ರ ಆಸುಪಾಸಿನಲ್ಲಿ ಸ್ವಾಮಿ, ಆಗ ಯಾರು ಮಾಸ್ಕ್ ಹಾಕಿದ್ದರು?

2021-22ರಲ್ಲಿ 75,394. 2022-23ರಲ್ಲಿ 1,03,819. ಅದರ ಮುಂದಿನ ವರ್ಷ 1,07,851. ಈಗ ನಾನೊಂದು ಒರಟು ಲೆಕ್ಕ ಹಾಕಿದ್ದೇನೆ, ತಜ್ಞರು ಬೇಕಾದರೆ ತಿದ್ದಲಿ. ಕೊರೋನಾ ಬರದೇ ಇದ್ದು, ಮೊದಲಿನಂತೆ ನೂರಕ್ಕೆ ಐದರಂತೆ ಇಳಿದಿದ್ದರೂ ಆ ಎರಡು ವರ್ಷದಲ್ಲಿ ಇನ್ನೂ 70 ಸಾವಿರದಷ್ಟು ಜನ ಸಿಗಬೇಕಿತ್ತು. ಆಮೇಲಿನ ಎರಡು ವರ್ಷದಲ್ಲಿ ಅದೇ ಲೆಕ್ಕಕ್ಕಿಂತ ಜಾಸ್ತಿಯಾಗಿ ಸಿಕ್ಕವರು ಸುಮಾರು 20 ಸಾವಿರ. ಉಳಿದವರು ಎಲ್ಲಿ? ಅವರೇನೂ ಗಾಳಿಯಲ್ಲಿ ಕರಗಿಹೋಗಿಲ್ಲ. ಯಾವುದೋ ಊರಿನಲ್ಲಿ, ಬೆಂಗಳೂರಿನ ಯಾವುದೋ ಶೆಡ್ಡಿನಲ್ಲಿ, ಬೆನ್ನ ಮೇಲಿನ ಮಚ್ಚೆ ತದ್ದು ಇರಬೇಕು ಅಂದುಕೊಂಡು ಮೆಡಿಕಲ್ ಶಾಪಿನ ಮುಲಾಮು ಹಚ್ಚಿಕೊಂಡು ಇದ್ದಾರೆ.

ಇದು ನಮ್ಮ ದೇಶದ ಕತೆ ಮಾತ್ರ ಅಲ್ಲ. ಇಡೀ ಜಗತ್ತಿನಲ್ಲಿ 2019ರಲ್ಲಿ ಎರಡು ಲಕ್ಷಕ್ಕೆ ಮೇಲಿದ್ದ ಹೊಸ ರೋಗಿಗಳ ಸಂಖ್ಯೆ 2020ರಲ್ಲಿ 1.27 ಲಕ್ಷದ ಹತ್ತಿರಕ್ಕೆ ಬಿತ್ತು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ನಮ್ಮವರೇ. ಹಾಗಾಗಿ ನಾವು ಹುಡುಕುವುದು ನಿಲ್ಲಿಸಿದರೆ ಜಗತ್ತಿನ ಲೆಕ್ಕವೇ ತಪ್ಪುತ್ತದೆ.

ಇಲ್ಲೊಂದು ವಿಚಿತ್ರ ಇದೆ. ಜನವರಿ 30 ಗಾಂಧೀಜಿ ಹುತಾತ್ಮರಾದ ದಿನ, ನಮ್ಮಲ್ಲಿ ಅದೇ ಕುಷ್ಠರೋಗ ವಿರೋಧಿ ದಿನ. ಯಾರೂ ಗಮನ ಕೊಡದ ಉಷ್ಣವಲಯದ ರೋಗಗಳಿಗೆ ಅಂತ ಜಗತ್ತು ಮೊದಲ ಸಲ ಒಂದು ದಿನ ಆಚರಿಸಿದ್ದೂ 2020ರ ಜನವರಿ 30ರಂದೇ. ಆನೆಕಾಲು, ಕುಷ್ಠ, ಕಾಲಾ ಅಜಾರ್, ಹಾವು ಕಡಿತ, ಹುಚ್ಚುನಾಯಿ ರೋಗ ಎಲ್ಲಾ ಆ ಪಟ್ಟಿಯಲ್ಲಿವೆ. ಅದೇ ದಿನ ವಿಶ್ವ ಆರೋಗ್ಯ ಸಂಸ್ಥೆ ಕೊರೋನಾವನ್ನು ಅಂತಾರಾಷ್ಟ್ರೀಯ ತುರ್ತುಸ್ಥಿತಿ ಅಂತ ಘೋಷಿಸಿತು, ಅದೇ ದಿನ ಕೇರಳದಲ್ಲಿ ದೇಶದ ಮೊದಲ ಪ್ರಕರಣ ಸಿಕ್ಕಿತು. ಗಮನ ಕೊಡಿ ಅಂತ ಕೇಳಿಕೊಂಡ ದಿನವೇ ಎಲ್ಲರ ಗಮನ ಬೇರೆ ಕಡೆ ಹೋಯಿತು. (ನಮ್ಮ ಮಲೆನಾಡಿನ ಮಂಗನ ಕಾಯಿಲೆ ಆ ಪಟ್ಟಿಯಲ್ಲೂ ಇಲ್ಲ. ಆ ಕಡೆಯವರು ಅದರ ಬಗ್ಗೆ ಬೇರೆಯೇ ಪತ್ರ ಬರೆಯಬೇಕು.)

2020ರ ಏಪ್ರಿಲ್ 1ರಂದು ವಿಶ್ವ ಆರೋಗ್ಯ ಸಂಸ್ಥೆ ಮನೆ ಮನೆ ಸರ್ವೆ, ರೋಗಿಗಳ ಹುಡುಕಾಟ, ಸಾಮೂಹಿಕ ಮಾತ್ರೆ ವಿತರಣೆ ಎಲ್ಲವನ್ನೂ ಸದ್ಯಕ್ಕೆ ಮುಂದಕ್ಕೆ ಹಾಕಿ ಅಂದಿತು. ಇದು ತಪ್ಪು ಅಂತ ನಾನು ಹೇಳುವುದಿಲ್ಲ. ದೇಶದಲ್ಲಿ ಕೊರೋನಾಕ್ಕೆ ಮೊದಲ ಸಾವು ಆಗಿದ್ದೇ ನಮ್ಮ ಪಕ್ಕದ ಕಲಬುರಗಿಯಲ್ಲಿ. ಆ ಮಾರ್ಚ್ ತಿಂಗಳ ಹೆದರಿಕೆ ನೆನಪಿದ್ದವರಿಗೆ ಗೊತ್ತು, ಆಗ ಒಬ್ಬ ಕಾರ್ಯಕರ್ತೆ ದಿನಕ್ಕೆ 20 ಮನೆ ಹೊಕ್ಕು ಬಂದಿದ್ದರೆ ರೋಗ ಹಂಚಿದಂತೆ ಆಗುತ್ತಿತ್ತು. ನಿಲ್ಲಿಸಿದ್ದು ಸರಿ. ಆದರೆ ಅದೇ ವರ್ಷ ಜುಲೈನಲ್ಲಿ ಅದೇ ಸಂಸ್ಥೆ, ನಿಮ್ಮ ನಿಮ್ಮ ಪರಿಸ್ಥಿತಿ ನೋಡಿ, ಲಾಭ ಎಷ್ಟು ಅಪಾಯ ಎಷ್ಟು ತೂಗಿ, ಎಚ್ಚರಿಕೆಯಿಂದ ಮತ್ತೆ ಶುರು ಮಾಡಿ ಅಂತಲೂ ಹೇಳಿತ್ತು. ನಿಲ್ಲಿಸಿ ಅಂದಿದ್ದು ಎಲ್ಲರ ಕಿವಿಗೂ ಬಿತ್ತು. ಶುರು ಮಾಡಿ ಅಂದಿದ್ದು ಬೀಳಲಿಲ್ಲ.

ಕುಷ್ಠ ಹುಡುಕುವುದು ಹೇಗೆ ಅಂತ ಹೇಳಿದರೆ ಯಾಕೆ ಆ ಎರಡು ವರ್ಷ ಅಷ್ಟು ಕಮ್ಮಿ ಜನ ಸಿಕ್ಕರು ಅನ್ನುವುದು ತಿಳಿಯುತ್ತದೆ. ಇದಕ್ಕೆ ಯಂತ್ರ ಬೇಡ. ಹಗಲು ಬೆಳಕು ಬೇಕು, ಸ್ವಲ್ಪ ಹತ್ತಿ ಅಥವಾ ಒಂದು ಬಾಲ್ ಪೆನ್ ಬೇಕು, ತಾಳ್ಮೆ ಬೇಕು. ಅಂಗಿ ತೆಗೆಸಿ ಬೆನ್ನು, ತೋಳು, ತೊಡೆ ನೋಡಬೇಕು. ತಿಳಿ ಬಿಳಿ ಅಥವಾ ತಾಮ್ರದ ಬಣ್ಣದ ಮಚ್ಚೆ ಇದ್ದರೆ, ಕಣ್ಣು ಮುಚ್ಚಿಸಿ ಪೆನ್ನಿನ ತುದಿಯಿಂದ ಹಗುರವಾಗಿ ಮುಟ್ಟಿ, ಎಲ್ಲಿ ಮುಟ್ಟಿದೆ ಬೆರಳಿಟ್ಟು ತೋರಿಸು ಅನ್ನಬೇಕು. ಮಚ್ಚೆ ಇಲ್ಲದ ಕಡೆ ಮುಟ್ಟಿದರೆ ಥಟ್ಟನೆ ತೋರಿಸುತ್ತಾನೆ. ಮಚ್ಚೆ ಮೇಲೆ ಮುಟ್ಟಿದರೆ ಸುಮ್ನೆ ಕೂತಿರುತ್ತಾನೆ, ಇನ್ನೂ ಮುಟ್ಟಿಲ್ಲ ಅಂದುಕೊಂಡು. ಆಮೇಲೆ ಮೊಣಕೈ ಹಿಂದಿನ ನರ ಹಿಡಿದು ನೋಡಬೇಕು, ದಪ್ಪ ಆಗಿದೆಯಾ, ಅದುಮಿದರೆ ನೋವಿದೆಯಾ ಅಂತ. ಕಿವಿಯ ಹಾಲೆ ನೋಡಬೇಕು, ಹುಬ್ಬು ಉದುರಿದೆಯಾ ನೋಡಬೇಕು. ಇದೆಲ್ಲಾ ಮುಟ್ಟಿ ಮಾಡುವ ಕೆಲಸ. ಆರು ಅಡಿ ದೂರ ನಿಂತು, ಬಾಗಿಲಲ್ಲೇ ಜ್ವರ ಇದೆಯಾ ಕೆಮ್ಮು ಇದೆಯಾ ಅಂತ ಕೇಳಿ ರಿಜಿಸ್ಟರ್‌ನಲ್ಲಿ ಟಿಕ್ ಹಾಕಿ ಮುಂದಿನ ಮನೆಗೆ ಹೋದರೆ ಕುಷ್ಠ ಸಿಗುವುದಿಲ್ಲ. ಅದಕ್ಕೆ ಜ್ವರವೂ ಇಲ್ಲ ಕೆಮ್ಮೂ ಇಲ್ಲ. ನೋವೂ ಇಲ್ಲ, ಅದೇ ಅದರ ಮೋಸ.

ಹೆಂಗಸರದು ಇನ್ನೂ ಕಷ್ಟ. ನನ್ನಂಥ ಗಂಡಸು ಹೋದರೆ ಅವರು ಬೆನ್ನು ತೋರಿಸುತ್ತಾರಾ? ಆಶಾ ಕಾರ್ಯಕರ್ತೆಯೇ ಒಳಗೆ ಕರೆದುಕೊಂಡು ಹೋಗಿ ನೋಡಬೇಕು. ನಮ್ಮ ಕಡೆ ಜೋಳದ ರೊಟ್ಟಿ ಬಡಿಯುವ ಹೆಂಗಸರ ಬೆರಳ ತುದಿ ನೋಡಿದರೇ ಎಷ್ಟೋ ಗೊತ್ತಾಗುತ್ತಿತ್ತು. ಕಾದ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿ ಕೈಯಿಂದಲೇ ತಿರುವಿ ಹಾಕುವವರು ಅವರು. ಸ್ಪರ್ಶ ಹೋದ ಬೆರಳಿಗೆ ಹಂಚು ತಾಗಿದ್ದು ಗೊತ್ತಾಗುವುದಿಲ್ಲ. ಬೊಬ್ಬೆ ಎದ್ದಾಗ ನೋಡಿಕೊಂಡು, ಯಾವಾಗ ಸುಟ್ಟುಕೊಂಡೆನೋ ಅನ್ನುತ್ತಾರೆ. ಇಂಥದ್ದನ್ನು ಗುರುತಿಸುವುದು ಆ ಊರಿನ ಆಶಾ ಅಕ್ಕನೇ. ಆ ಎರಡು ವರ್ಷ ಅವರು ಎಲ್ಲಿದ್ದರು? ಮುಂಬೈ, ಪುಣೆಯಿಂದ ವಾಪಸ್ ಬಂದವರನ್ನು ಶಾಲೆಯಲ್ಲಿ ಕ್ವಾರಂಟೈನ್ ಮಾಡುವಾಗ ಅವರು, ಸೀಲ್‌ಡೌನ್ ಬೀದಿಗೆ ಅವರು, ಲಸಿಕೆಗೆ ಜನ ಕರೆತರಲು ಅವರು. 2020ರ ಜುಲೈನಲ್ಲಿ ತಿಂಗಳಿಗೆ 12 ಸಾವಿರ ಗೌರವಧನ ಕೊಡಿ ಅಂತ ರಾಜ್ಯದ ಆಶಾಗಳು ಕೆಲಸ ನಿಲ್ಲಿಸಿ ಕೂತಿದ್ದು ನಿಮ್ಮ ಪತ್ರಿಕೆಯಲ್ಲೂ ಬಂದಿತ್ತು. 2022ರಲ್ಲಿ ದೇಶದ ಆಶಾಗಳಿಗೆ ವಿಶ್ವ ಆರೋಗ್ಯ ಸಂಸ್ಥೆ ಪ್ರಶಸ್ತಿ ಕೊಟ್ಟಿತು. ಚಪ್ಪಾಳೆ, ಪ್ರಶಸ್ತಿ ಎಲ್ಲಾ ಆಯ್ತು. ಒಬ್ಬ ಹೊಸ ಕುಷ್ಠರೋಗಿಯನ್ನು ಹುಡುಕಿ ತಂದರೆ ಆಕೆಗೆ ಕೊಡುವುದು 250 ರೂಪಾಯಿ. ಆ ದುಡ್ಡೂ ಯಾವಾಗ ಕೈ ಸೇರುತ್ತದೆ ಅಂತ ಕೇಳಬೇಡಿ.

ಇನ್ನು ಆಗಲೇ ಮಾತ್ರೆ ನುಂಗುತ್ತಿದ್ದವರ ಪಾಡು. ಕುಷ್ಠಕ್ಕೆ ಒಳ್ಳೆಯ ಔಷಧಿ ಇದೆ, ಪುಕ್ಕಟೆ ಇದೆ. ತಿಂಗಳಿಗೊಂದು ಪ್ಯಾಕೆಟ್, ಮಚ್ಚೆ ಕಮ್ಮಿ ಇದ್ದವರಿಗೆ ಆರು ತಿಂಗಳು, ಜಾಸ್ತಿ ಇದ್ದವರಿಗೆ ಒಂದು ವರ್ಷ. ಶುರು ಮಾಡಿದ ಸ್ವಲ್ಪ ದಿನಕ್ಕೇ ಇನ್ನೊಬ್ಬರಿಗೆ ಅಂಟುವುದು ನಿಲ್ಲುತ್ತದೆ. ಲಾಕ್‌ಡೌನ್‌ನಲ್ಲಿ ಕೆಲವು ಪಿಎಚ್‌ಸಿಗಳಲ್ಲಿ ಜಾಣತನ ಮಾಡಿ ಎರಡು ಮೂರು ತಿಂಗಳ ಪ್ಯಾಕೆಟ್ ಒಟ್ಟಿಗೇ ಕೊಟ್ಟರು. ಅಂಥ ಕಡೆ ಮಾತ್ರೆ ತಪ್ಪಲಿಲ್ಲ. ಆದರೆ ಮಾತ್ರೆ ಒಂದೇ ಸಾಲುವುದಿಲ್ಲ ಅನ್ನುವುದಕ್ಕೆ ನಾನು ಕಂಡ ಒಬ್ಬ ಮನುಷ್ಯನ ವಿಷಯ ಹೇಳುತ್ತೇನೆ, ಊರು ಹೆಸರು ಬೇಡ.

ಹೊಲದ ಕೂಲಿ ಮಾಡುವವನು. ವರ್ಷದ ಕೋರ್ಸ್ ಶುರುವಾಗಿ ಕೆಲವು ತಿಂಗಳಾಗಿತ್ತು. ಲಾಕ್‌ಡೌನ್ ನಡುವೆ ಜ್ವರ ಬಂತು, ತೋಳಿನ ಮೇಲೆ ಕೆಂಪು ಗಂಟು ಎದ್ದವು, ಮೊಣಕೈಯಿಂದ ಕಿರುಬೆರಳ ತನಕ ಸಿಡಿಯುವ ನೋವು. ಇದು ಕುಷ್ಠದ ರಿಯಾಕ್ಷನ್. ಮೈಯೊಳಗೆ ಸತ್ತ ರೋಗಾಣುಗಳ ವಿರುದ್ಧ ದೇಹವೇ ಕೆರಳಿ ನಿಲ್ಲುವುದರಿಂದ ಆಗುವುದು, ಮಾತ್ರೆ ನುಂಗುತ್ತಿರುವಾಗಲೂ ಬರುತ್ತದೆ. ಆಗ ಪ್ರೆಡ್ನಿಸೋಲೋನ್ ಅನ್ನುವ ಮಾತ್ರೆ ಬೇಗ ಶುರು ಮಾಡಿದರೆ ನರ ಉಳಿಯುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಬೆರಳು ಮಡಚಿಕೊಂಡು ಹಾಗೇ ನಿಲ್ಲುತ್ತವೆ. ಅವನಿಗೂ ಇದನ್ನೆಲ್ಲಾ ಮೊದಲೇ ಹೇಳಿತ್ತು, ನೋವು ಬಂದರೆ ತಕ್ಷಣ ಬಾ ಅಂತ. ಆದರೆ ಅದು ಜ್ವರ ಅಂದರೆ ಕೊರೋನಾ ಅನ್ನುತ್ತಿದ್ದ ಕಾಲ. ಜ್ವರ ಇದೆ ಅಂತ ಗೊತ್ತಾದರೆ ಆಂಬುಲೆನ್ಸ್ ಬರುತ್ತದೆ, ಬೀದಿಗೆ ಬೇಲಿ ಹಾಕುತ್ತಾರೆ, ಮನೆಯವರನ್ನೆಲ್ಲಾ ಎತ್ತಿಕೊಂಡು ಹೋಗುತ್ತಾರೆ ಅಂತ ಹೆದರಿ ಹೊಲದ ಗುಡಿಸಲಲ್ಲಿ ಹೋಗಿ ಮಲಗಿದ. ಬಸ್ಸೂ ಇರಲಿಲ್ಲ. ಹೆಂಡತಿ ಬೇವಿನ ಸೊಪ್ಪು ಕಾಯಿಸಿ ಶಾಖ ಕೊಟ್ಟಳು. ಮಳೆಗಾಲದಲ್ಲಿ ನಾನು ನೋಡಿದಾಗ ಬಲಗೈಯ ಕಿರುಬೆರಳು, ಉಂಗುರ ಬೆರಳು ಎರಡೂ ಕೊಕ್ಕೆಯಂತೆ ಬಾಗಿದ್ದವು. ಕುಡುಗೋಲು ಹಿಡಿಯಲು ಆಗುತ್ತಿರಲಿಲ್ಲ. ಚಿಕಿತ್ಸೆ ಪೂರ್ತಿ ಮುಗಿಸಿದ ಅವನು ಇಲಾಖೆಯ ಲೆಕ್ಕದಲ್ಲಿ ಗುಣವಾದ ರೋಗಿ. ಗುಣವಾಗಿದ್ದೂ ಸುಳ್ಳಲ್ಲ. ಕೈ ಮಾತ್ರ ಹೋಯಿತು.

ಕೊರೋನಾದಿಂದ ಸತ್ತವರ ಲೆಕ್ಕದಲ್ಲಿ ಇವನಿಲ್ಲ, ಕುಷ್ಠ ಜಾಸ್ತಿಯಾದ ಲೆಕ್ಕದಲ್ಲೂ ಇಲ್ಲ. ಇಂಥವರು ಎಷ್ಟು ಜನ ಅಂತ ಕೇಳುವವರು ಯಾರು?

ಆನೆಕಾಲಿನದು ಬೇರೆ ಥರ. ಅಲ್ಲಿ ರೋಗಿಯನ್ನು ಹುಡುಕುವುದಕ್ಕಿಂತ ಊರಿಗೆ ಊರೇ ವರ್ಷಕ್ಕೊಮ್ಮೆ ಮಾತ್ರೆ ನುಂಗುವುದು ಮುಖ್ಯ. ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು ಕಡೆಯವರಿಗೆ ಇದು ಗೊತ್ತಿರುತ್ತದೆ. ಡಿಇಸಿ, ಅಲ್ಬೆಂಡಜೋಲ್ ಎರಡರ ಜೊತೆ ಐವರ್ಮೆಕ್ಟಿನ್ ಸೇರಿಸಿದ ಮೂರು ಮಾತ್ರೆ ಪದ್ಧತಿಯನ್ನು ನಮ್ಮ ದೇಶದಲ್ಲಿ ಮೊದಲು ಪರೀಕ್ಷೆ ಮಾಡಿ ನೋಡಿದ್ದೇ ಯಾದಗಿರಿ ಜಿಲ್ಲೆಯಲ್ಲಿ. ಹೈಟಿ, ಫಿಜಿ, ಇಂಡೋನೇಷ್ಯಾ, ಪಪುವಾ ನ್ಯೂಗಿನಿ ಜೊತೆಗೆ ನಮ್ಮ ಯಾದಗಿರಿ. ಇದನ್ನು ಎಷ್ಟು ಜನ ಯಾದಗಿರಿಯವರಿಗೆ ಯಾರಾದರೂ ಹೇಳಿದ್ದಾರೆ? ಆನೆಕಾಲು ಬರುವುದು ಮೈಯೊಳಗೆ ಸೇರುವ ಹುಳದಿಂದ. ಮಾತ್ರೆ ರಕ್ತದಲ್ಲಿರುವ ಮರಿ ಹುಳಗಳನ್ನು ಕೊಲ್ಲುತ್ತದೆ. ದೊಡ್ಡ ಹುಳ ಐದಾರು ವರ್ಷ ಬದುಕಿದ್ದು ಮತ್ತೆ ಮರಿ ಹಾಕುತ್ತಲೇ ಇರುತ್ತದೆ. ಅದಕ್ಕೇ ಬಿಡದೆ ವರ್ಷ ವರ್ಷ ನುಂಗಬೇಕು, ನೂರಕ್ಕೆ 65 ಜನರಾದರೂ ನಿಜವಾಗಿ ನುಂಗಬೇಕು. ಒಂದು ಸುತ್ತು ತಪ್ಪಿದರೆ ರಕ್ತದಲ್ಲಿ ಮರಿ ಹುಳ ಮತ್ತೆ ಏರುತ್ತದೆ, ಸೊಳ್ಳೆ ಅದನ್ನು ಪಕ್ಕದ ಮನೆಗೆ ಒಯ್ಯುತ್ತದೆ. 2020ರಲ್ಲಿ ಜಗತ್ತಿನಲ್ಲಿ ಇಂಥ ಸಾಮೂಹಿಕ ಮಾತ್ರೆ ಪಡೆದವರು ಅದರ ಹಿಂದಿನ ವರ್ಷಕ್ಕಿಂತ ಮೂರನೇ ಒಂದು ಭಾಗದಷ್ಟು ಕಮ್ಮಿ. ಇದರಲ್ಲಿ ಒಂದು ಸಮಾಧಾನ ಅಂದರೆ, ತಪ್ಪಿದ ಸುತ್ತನ್ನು ಬೇಗ ಇನ್ನೊಂದು ಸುತ್ತು ಕೊಟ್ಟು, ಚೆನ್ನಾಗಿ ನುಂಗಿಸಿ ಸರಿಮಾಡಬಹುದು. ಆದರೆ ಕಣ್ಣ ಮುಂದೆ ನುಂಗಿಸಬೇಕು. ಕೊರೋನಾ ಭಯದಲ್ಲಿ ಬಾಗಿಲಲ್ಲಿ ಪೊಟ್ಟಣ ಕಟ್ಟಿ ಕೊಟ್ಟು ಬಂದ ಮಾತ್ರೆ ಎಲ್ಲಿ ಹೋಗುತ್ತದೆ ಅಂತ ನನಗೆ ಗೊತ್ತು. ದೇವರ ಫೋಟೋ ಹಿಂದೆ, ಇಲ್ಲಾ ತಿಪ್ಪೆಗೆ.

ಮತ್ತೆ ಕುಷ್ಠಕ್ಕೆ ಬರುತ್ತೇನೆ. ಏಕೆಂದರೆ ಅಲ್ಲಿ ಕಳೆದುಕೊಂಡ ವರ್ಷಗಳಿಗೆ ಪರಿಹಾರ ಅಷ್ಟು ಸುಲಭ ಇಲ್ಲ. ಚಿಕಿತ್ಸೆ ಇಲ್ಲದ ಒಬ್ಬ ರೋಗಿಯ ಜೊತೆ ಒಂದೇ ಮನೆಯಲ್ಲಿ ವರ್ಷಗಟ್ಟಲೆ ಇದ್ದವರಿಗೆ ಸೋಂಕು ಅಂಟುವ ಸಂಭವ ಜಾಸ್ತಿ. 2020ರಲ್ಲಿ ಪತ್ತೆಯಾಗಬೇಕಿದ್ದ ಅಜ್ಜ 2022ರಲ್ಲೋ 2023ರಲ್ಲೋ ಪತ್ತೆಯಾದ ಅಂದರೆ ಅಷ್ಟು ವರ್ಷ ಮೊಮ್ಮಕ್ಕಳು ಅವನ ಪಕ್ಕದಲ್ಲೇ ಮಲಗಿದ್ದರು. ಆ ಮಕ್ಕಳ ಮೈಮೇಲೆ ಮಚ್ಚೆ ಕಾಣಿಸಿಕೊಳ್ಳುವ ಕಾಲ ಈಗ. ರೋಗಿಯ ಮನೆಯವರಿಗೆ, ಅಕ್ಕಪಕ್ಕದವರಿಗೆ ರಿಫಾಂಪಿಸಿನ್ ಒಂದೇ ಒಂದು ಡೋಸ್ ಕೊಟ್ಟರೆ ರೋಗ ಬರುವುದು ಸ್ವಲ್ಪ ಮಟ್ಟಿಗೆ ತಪ್ಪುತ್ತದೆ ಅಂತ ಸಾಬೀತಾಗಿ, ಸರ್ಕಾರದ ಕಾರ್ಯಕ್ರಮದಲ್ಲೂ ಸೇರಿದೆ. ಅದನ್ನು ಕೊಡಬೇಕಾದರೆ ಮೊದಲು ರೋಗಿ ಸಿಗಬೇಕಲ್ವಾ? ಕೊರೋನಾ ಕಾಲದಲ್ಲಿ ಪ್ರೈಮರಿ ಕಾಂಟ್ಯಾಕ್ಟ್, ಸೆಕೆಂಡರಿ ಕಾಂಟ್ಯಾಕ್ಟ್ ಅನ್ನುವುದು ಚಹಾ ಅಂಗಡಿಯಲ್ಲಿ ಕೂತವರ ಬಾಯಲ್ಲೂ ಇತ್ತು. ಒಬ್ಬನಿಗೆ ಪಾಸಿಟಿವ್ ಬಂದರೆ ಸಂಜೆಯೊಳಗೆ ಅವನು ಎಲ್ಲೆಲ್ಲಿ ಹೋಗಿದ್ದ ಅಂತ ಪಟ್ಟಿ ತಯಾರಾಗುತ್ತಿತ್ತು. ಆ ಚುರುಕಿನಲ್ಲಿ ನೂರಕ್ಕೆ ಹತ್ತರಷ್ಟು ಕುಷ್ಠಕ್ಕೆ ಸಿಕ್ಕಿದ್ದರೂ ಸಾಕಿತ್ತು.

ಹುಡುಕಿದರೆ ಸಿಗುತ್ತದೆ ಅನ್ನುವುದಕ್ಕೆ ಹಳೆಯ ಪುರಾವೆ ಇದೆ. 2005ರ ಕೊನೆಯಲ್ಲಿ, ಹತ್ತು ಸಾವಿರಕ್ಕೆ ಒಬ್ಬರಿಗಿಂತ ಕಮ್ಮಿ ರೋಗಿಗಳಿದ್ದಾರೆ, ಕುಷ್ಠ ಇನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆ ಅಲ್ಲ ಅಂತ ದೇಶ ಘೋಷಿಸಿಕೊಂಡಿತು. ಜನರು ಅದನ್ನು ಕುಷ್ಠವೇ ಹೋಯಿತು ಅಂತ ಅರ್ಥ ಮಾಡಿಕೊಂಡರು, ಅಧಿಕಾರಿಗಳಲ್ಲೂ ಹಲವರು ಹಾಗೇ ಅಂದುಕೊಂಡರು. ಹುಡುಕುವ ಕೆಲಸ ಸಡಿಲಾಯಿತು. 2016ರಲ್ಲಿ ಮನೆ ಮನೆ ಹುಡುಕಾಟ ದೊಡ್ಡದಾಗಿ ಶುರುವಾದಾಗ ಏನಾಯಿತು? ಹಿಂದಿನ ವರ್ಷ 1,27,334 ಇದ್ದ ಹೊಸ ರೋಗಿಗಳು 2016-17ರಲ್ಲಿ 1,35,485 ಆದರು. ಆಗಲೂ ಏರಿಕೆ, ಆತಂಕ ಅಂತಲೇ ಸುದ್ದಿ. ಹೀಗೆ ಏರಿದರೆ ಬೈದು, ಇಳಿದರೆ ಬೆನ್ನು ತಟ್ಟುತ್ತಾ ಹೋದರೆ ಕೆಳಗಿನ ನೌಕರ ಏನು ಮಾಡುತ್ತಾನೆ? ಕಣ್ಣು ಮುಚ್ಚಿಕೊಳ್ಳುತ್ತಾನೆ. ಮೀಟಿಂಗಿನಲ್ಲಿ, ನಿಮ್ಮ ಏರಿಯಾದಲ್ಲಿ ಯಾಕೆ ಇಷ್ಟು ಜಾಸ್ತಿ ಅಂತ ಬೈಸಿಕೊಳ್ಳುವವರೆಲ್ಲ ಮೈಮುರಿದು ಹುಡುಕಿದವರೇ. ಇದನ್ನು ನಾನು ನೋಡಿ ನೋಡಿ ಸಾಕಾಗಿದ್ದೇನೆ. ಈಗ 2027ಕ್ಕೆ ಕುಷ್ಠ ಹರಡುವುದನ್ನೇ ಸೊನ್ನೆ ಮಾಡುತ್ತೇವೆ ಅಂತ ಕೇಂದ್ರ ಸರ್ಕಾರ ಗುರಿ ಇಟ್ಟುಕೊಂಡಿದೆ. ಗುರಿ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಎರಡು ವರ್ಷ ಕಳೆದುಕೊಂಡ ಮೇಲೂ ಇಷ್ಟು ಹತ್ತಿರದ ತಾರೀಕು ಇಟ್ಟುಕೊಂಡರೆ, ಆ ತಾರೀಕು ಹತ್ತಿರ ಬಂದಾಗ ಎಲ್ಲಿ ಒತ್ತಡ ಬೀಳುತ್ತದೆ ಅಂತ ಊಹಿಸುವುದು ಕಷ್ಟವಲ್ಲ.

ಹಾಗಾಗಿ ನಿಮ್ಮಲ್ಲಿ ಒಂದು ಕೋರಿಕೆ. ಇನ್ನು ಮೇಲೆ ಇಲಾಖೆಯವರು ಕುಷ್ಠದ ಅಂಕಿ ಕೊಟ್ಟಾಗ ನಿಮ್ಮ ವರದಿಗಾರರು ಒಟ್ಟು ಎಷ್ಟು ಅಂತ ಮಾತ್ರ ಕೇಳಬೇಡಿ. ಹೊಸದಾಗಿ ಸಿಕ್ಕವರಲ್ಲಿ ಕೈ ಕಾಲು ಕಣ್ಣು ಆಗಲೇ ಊನವಾಗಿದ್ದವರು ಎಷ್ಟು, ಮಕ್ಕಳು ಎಷ್ಟು, ಎಷ್ಟು ಮನೆ ನೋಡಿ ಇಷ್ಟು ಸಿಕ್ಕಿತು ಅಂತ ಕೇಳಿ. ಊನವಾದ ಮೇಲೆ ಸಿಕ್ಕರೆ ತಡವಾಗಿ ಸಿಕ್ಕಂತೆ. ಮಕ್ಕಳಲ್ಲಿ ಸಿಕ್ಕರೆ ಈಗಲೂ ಹರಡುತ್ತಿದೆ ಅಂತ. ಈ ಲೆಕ್ಕ ಇಲಾಖೆಯ ಹತ್ತಿರ ಇದ್ದೇ ಇದೆ, ಕೇಳಿದರೆ ಕೊಡುತ್ತಾರೆ.

ಸರ್ಕಾರಕ್ಕೆ ಹೇಳುವುದೂ ಇದೆ. ಮುಂದೆ ಇನ್ನೊಂದು ಪಿಡುಗು ಬರಲ್ಲ ಅನ್ನಲು ಆಗುತ್ತದಾ? ಬಂದಾಗ ಇರುವ ಎಲ್ಲರನ್ನೂ ಒಂದೇ ಕೆಲಸಕ್ಕೆ ಎಳೆಯಬೇಡಿ. ತಾಲ್ಲೂಕಿಗೆ ಒಬ್ಬರನ್ನಾದರೂ ಕುಷ್ಠ, ಆನೆಕಾಲು ರೋಗಿಗಳಿಗೆ ಅಂತ ಬಿಡಿ. ಮಾತ್ರೆ ನುಂಗುತ್ತಿರುವವರ ಪಟ್ಟಿ, ಫೋನ್ ನಂಬರ್ ಅವರ ಕೈಯಲ್ಲಿರಲಿ. ವಾರಕ್ಕೊಮ್ಮೆ ಫೋನ್ ಮಾಡಿ ನರ ನೋವು ಇದೆಯಾ, ಹೊಸ ಗಂಟು ಎದ್ದಿದೆಯಾ ಅಂತ ಕೇಳಿದರೂ ಎಷ್ಟೋ ಬೆರಳು ಉಳಿಯುತ್ತವೆ. ಪ್ರೆಡ್ನಿಸೋಲೋನ್ ತೀರಾ ಅಗ್ಗದ ಮಾತ್ರೆ. 2020ರಿಂದ 2023ರ ತನಕ ತಡವಾಗಿ ಸಿಕ್ಕ ರೋಗಿಗಳ ಮನೆಯವರನ್ನು ಈಗ ಇನ್ನೊಮ್ಮೆ ಕರೆದು ನೋಡಿ, ಒಂದು ಸಲ ನೋಡಿದ್ದೇವೆ ಅಂತ ಫೈಲ್ ಮುಚ್ಚಬೇಡಿ. ಗುಳೆ ಹೋದವರು ಹಬ್ಬಕ್ಕೆ, ಜಾತ್ರೆಗೆ, ಉಗಾದಿಗೆ ಊರಿಗೆ ಬರುತ್ತಾರೆ. ಸರ್ವೆಯನ್ನು ಆ ದಿನಗಳಲ್ಲಿ ಇಟ್ಟುಕೊಳ್ಳಿ. ಎಲ್ಲರೂ ಊರು ಬಿಟ್ಟು ಹೋಗಿರುವಾಗ ಸರ್ವೆ ಮಾಡಿದರೆ ಬಾಗಿಲ ಬೀಗವನ್ನೇ ಎಣಿಸಿಕೊಂಡು ಬರಬೇಕಾಗುತ್ತದೆ.

ಓದುಗರಿಗೂ ಒಂದು ಮಾತು. ಮೈಮೇಲೆ ಬಣ್ಣ ಮಾಸಿದ ಮಚ್ಚೆ ಇದ್ದು ಅಲ್ಲಿ ಮುಟ್ಟಿದ್ದು ಗೊತ್ತಾಗದಿದ್ದರೆ, ಕೈ ಕಾಲು ಜೋಮು ಹಿಡಿದಂತೆ ಇದ್ದರೆ, ಚಪ್ಪಲಿ ಕಾಲಿನಿಂದ ಜಾರಿದ್ದು ತಿಳಿಯದಿದ್ದರೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಹಾಲಿನಂತೆ ಬೆಳ್ಳಗಿದ್ದು ಮುಟ್ಟಿದರೆ ಗೊತ್ತಾಗುವ ತೊನ್ನು ಬೇರೆ, ಅದು ಅಂಟುವ ರೋಗವೇ ಅಲ್ಲ. ಕುಷ್ಠಕ್ಕೆ ಮನೆ ಬಿಡಬೇಕಾಗಿಲ್ಲ, ಕೆಲಸ ಬಿಡಬೇಕಾಗಿಲ್ಲ. ಮದುವೆ ಮುರಿಯಲು ಇದನ್ನೇ ಕಾರಣ ಮಾಡುವ ಹಳೆಯ ಕಾನೂನನ್ನೂ 2019ರಲ್ಲಿ ತೆಗೆದು ಹಾಕಿದ್ದಾರೆ. ಮಾತ್ರೆ ಶುರು ಮಾಡಿದ ಮೇಲೆ ಮೂತ್ರ ಕೆಂಪಾದರೆ, ಮೈ ಬಣ್ಣ ಸ್ವಲ್ಪ ಕಪ್ಪಾದರೆ ಹೆದರಿ ಬಿಡಬೇಡಿ, ಕೋರ್ಸ್ ಮುಗಿದ ಮೇಲೆ ಬಣ್ಣ ನಿಧಾನಕ್ಕೆ ತಿಳಿಯಾಗುತ್ತದೆ. ಮಾತ್ರೆ ನುಂಗುವಾಗ ಜ್ವರ, ನರ ನೋವು ಬಂದರೆ ಮಾತ್ರ ಒಂದು ದಿನವೂ ಕಾಯಬೇಡಿ.

ನಿಮ್ಮ ವಿಶ್ವಾಸಿ,
ನಿವೃತ್ತ ಆರೋಗ್ಯ ಸಹಾಯಕ, ರಾಯಚೂರು ಜಿಲ್ಲೆ